ಏನಾಗಬೇಕು

ಮಗುವಿಗೆ ಏನಾಗಿದೆ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಮಗು ನಿಮಗೇನಾಗಬೇಕು?

ನಮ್ಮ ಮಕ್ಕಳ ವಾರ್ಡಿನ ಬಾಗಿಲಲ್ಲಿ ಬೆಳಗಿನಿಂದ ಸಂಜೆವರೆಗೆ ಇದೇ ಮಾತು. ಕೇಳುವವಳು ದೊಡ್ಡ ಸಿಸ್ಟರ್. ಅವಳಿಗೆ ಬೇಕಾದ ಉತ್ತರ ಎರಡೇ. ತಾಯಿ ಅನ್ನಬೇಕು, ಇಲ್ಲವೇ ತಂದೆ ಅನ್ನಬೇಕು. ತಾಯಿಗೆ ಮಂಚದ ಪಕ್ಕ ಒಂದು ಕಬ್ಬಿಣದ ಸ್ಟೂಲು. ತಂದೆಗೆ ಬಂದು ಹೋಗುವ ಪಾಸು. ಮಿಕ್ಕವರಿಗೆ ಸಂಜೆ ಸ್ವಲ್ಪ ಹೊತ್ತು, ಅದೂ ಗಾಜಿನ ಆಚೆಯಿಂದ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಹೊತ್ತು ತಂದವರು, ಸಾಕಿದವರು, ಎಲ್ಲರೂ ಮಿಕ್ಕವರೇ.

ನಾನು ಆ ವಾರ್ಡಿನ ಆಯಾ. ಮಕ್ಕಳ ಉಚ್ಚೆ, ಹೇಲು, ವಾಂತಿ, ರಕ್ತ, ಕೀವು ನನ್ನ ಪಾಲು. ಬೆಳಿಗ್ಗೆ ನೆಲ ಒರೆಸಬೇಕು. ಒರೆಸಿದ ಮೇಲೆ ಡಾಕ್ಟರು ಬೂಟು ಹಾಕಿಕೊಂಡು ಬರುತ್ತಾರೆ, ಮತ್ತೆ ಒರೆಸಬೇಕು. ಫಿನಾಯಿಲಿಗೆ ನನ್ನ ಬೆರಳ ಸಂದಿಗಳು ಒಡೆದು ಹೋಗಿವೆ. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತದೆ. ವಾರ್ಡಿನ ತುಂಬ ಸ್ಟೂಲುಗಳಿವೆ, ಆದರೆ ಆಯಾ ಅವುಗಳ ಮೇಲೆ ಕೂರುವಂತಿಲ್ಲ. ಅವು ತಾಯಂದಿರ ಸ್ಟೂಲು. ಒಮ್ಮೆ ಕಾಲು ಸೋತು ಕೂತಿದ್ದೆ. ದೊಡ್ಡ ಸಿಸ್ಟರ್ ಆ ತುದಿಯಿಂದಲೇ ಕೂಗಿದಳು. “ಏಳೇ, ನೀನೇನು ಹೆತ್ತಿದೀಯಾ ಇಲ್ಲಿ?” ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದು ಎದ್ದೆ. ಇನ್ನೇನು ಮಾಡಲಿ?

ಈ ಪ್ರಶ್ನೆಯಿಂದ ಹೊರಗೆ ನಿಂತವರಿಗೆ ಮಾತ್ರ ಕಷ್ಟ ಎಂದು ತಿಳಿಯಬೇಡಿ. ಒಳಗಿನವರಿಗೂ ಕಷ್ಟವೇ. ಮೂಲೆ ಮಂಚದ ಹುಡುಗನನ್ನು ಸಾಕಿದ್ದು ಅವನಜ್ಜ. ಅಪ್ಪ ಅಮ್ಮ ಎಲ್ಲಿದ್ದಾರೋ ಅಜ್ಜನಿಗೇ ಗೊತ್ತಿರಲಿಲ್ಲ. ಅಜ್ಜ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಒಳಗೆ ಸಣ್ಣ ಸಿಸ್ಟರ್ ಔಷಧಿ ಹಿಡಿದರೆ ಹುಡುಗ ಅವಳ ಮುಖಕ್ಕೇ ಉಗಿಯುತ್ತಿದ್ದ. ಸೂಜಿ ಚುಚ್ಚಲು ನಾವಿಬ್ಬರೂ ಅವನ ಕೈಕಾಲು ಅದುಮಿ ಹಿಡಿಯಬೇಕಿತ್ತು. ನನ್ನ ಮಣಿಕಟ್ಟಿನಲ್ಲಿ ಅವನ ಹಲ್ಲಿನ ಗುರುತು ಇನ್ನೂ ಇದೆ.

“ಅಜ್ಜನ್ನ ಹತ್ತು ನಿಮಿಷ ಒಳಗೆ ಬಿಟ್ರೆ ಗಟಗಟ ಅಂತ ಕುಡೀತಾನೆ. ಬಿಟ್ರೆ ನನ್ನ ಕೆಲಸ ಹೋಗುತ್ತೆ. ನಾನೇನ್ ಮಾಡ್ಲಿ ಹೇಳು?” ಎಂದು ಸಣ್ಣ ಸಿಸ್ಟರ್ ಸಿಂಕಿನ ಮುಂದೆ ನಿಂತು ಅತ್ತಿದ್ದಳು. ಅವಳು ಹೊಸಬಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ಬಿಟ್ಟವಳು. ಅವಳ ಕೂಸನ್ನು ನೋಡಿಕೊಳ್ಳುವುದು ಕೆಳಮನೆಯ ಮುದುಕಿ. ಆ ಮುದುಕಿ ಅವಳಿಗೆ ಏನೂ ಆಗಬೇಕಿಲ್ಲ. ನಾಳೆ ಕೂಸಿಗೆ ಜ್ವರ ಬಂದು, ಇವಳು ಡ್ಯೂಟಿಯಲ್ಲಿದ್ದರೆ, ಆ ಮುದುಕಿಯನ್ನೂ ಇದೇ ಬಾಗಿಲಲ್ಲಿ ತಡೆಯುತ್ತಾರೆ. ಅದು ಗೊತ್ತಿದ್ದೂ ಅವಳು ದಿನಾ ಆ ಅಜ್ಜನನ್ನು ತಡೆಯುತ್ತಿದ್ದಳು.

ಇನ್ನು ನನ್ನ ಮನೆ ವಿಷಯ.

ನಾನು ಸಾಕಿದ ಹುಡುಗಿ ಚೂಟಿಯ ಅಪ್ಪ ಮೊದಲು ನನ್ನ ಜೊತೆ ಇದ್ದ. ಮದುವೆ ಇವತ್ತು ಆಗೋಣ, ನಾಳೆ ಆಗೋಣ ಎನ್ನುತ್ತ ನನ್ನ ಅಡುಗೆ ಉಂಡು, ನನ್ನ ಕೈಲಿ ಬಟ್ಟೆ ಒಗೆಸಿಕೊಂಡು ವರ್ಷಗಳನ್ನು ದೂಡಿದ. ನನಗೆ ಮಕ್ಕಳಾಗಲಿಲ್ಲ. ಆಮೇಲೆ ಒಂದು ದಿನ ಇನ್ನೊಬ್ಬಳನ್ನು ಕಾಯಿದೆ ಪ್ರಕಾರ ಮದುವೆಯಾದ. ಅವಳಿಗೆ ಏಳು ತಿಂಗಳಾದಾಗ ಅವಳನ್ನೂ ಬಿಟ್ಟು ಹೋದ. ಅವಳು ಹೊಟ್ಟೆ ಹೊತ್ತುಕೊಂಡು ನೇರ ನನ್ನ ಬಾಗಿಲಿಗೇ ಬಂದಳು. “ಅಕ್ಕಾ, ನಂಗೆ ಬೇರೆ ಯಾರೂ ಗೊತ್ತಿಲ್ಲ” ಅಂದಳು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಬಂದ ಮಾತು ಮಾತ್ರ, “ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಾ.”

ಬೀದಿಯವರು ಅವಳನ್ನು ನನ್ನ ಸವತಿ ಎಂದು ಕರೆದರು. ಸವತಿಯರು ಎಂದರೆ ಜುಟ್ಟು ಹಿಡಿದು ಎಳೆದಾಡಬೇಕು ಎಂದು ಎಲ್ಲರೂ ಕಿಟಕಿಯಲ್ಲಿ ಕಾದರು. ನಾವು ಜಗಳವಾಡಿದ್ದು ಒಂದೇ ವಿಷಯಕ್ಕೆ, ಕಸದ ಬುಟ್ಟಿ ಯಾರು ಹೊರಗಿಡಬೇಕು ಎಂದು. ಚೂಟಿ ಹುಟ್ಟಿದಳು. ಒಬ್ಬಳು ಕೆಲಸಕ್ಕೆ ಹೋದಾಗ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಚೂಟಿಗೆ ಕಾಲು ಬರುವ ಮೊದಲೇ ಅವಳ ತಾಯಿ ಕಾಮಾಲೆಯಾಗಿ ತೀರಿಕೊಂಡಳು. ಸಾಯುವಾಗ ನನ್ನ ಕೈ ಹಿಡಿದು, “ಅಕ್ಕಾ, ಇವಳು ನಿನ್ನವಳು” ಅಂದಳು. ಅಲ್ಲಿ ನಾವಿಬ್ಬರೇ ಇದ್ದೆವು. ಮಗು ಇತ್ತು, ಆದರೆ ಅದು ನಿದ್ದೆ ಮಾಡುತ್ತಿತ್ತು.

ಚೂಟಿ ನನ್ನನ್ನು ಅಮ್ಮ ಎಂದೇ ಕರೆದಳು. ಬೇರೆ ಯಾರನ್ನು ಕರೆಯಲಿ? ಮುಖಕ್ಕಿಂತ ದೊಡ್ಡ ಬಾಯಿ. ಮಾತಿಗೆ ಮಾತು ಕೊಡುವವಳು. ಆಟದಲ್ಲಿ ಸೋತರೆ ಊಟ ಬಿಡುವಷ್ಟು ಹಟ. ಶಾಲೆಗೆ ಸೇರಿದ ವರ್ಷವೇ ಅವಳಿಗೆ ಹೊಟ್ಟೆನೋವು ಬಂತು. ಜಂತುಹುಳ ಇರಬೇಕು ಎಂದು ಮನೆಮದ್ದು ಕೊಟ್ಟೆ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು, ಮೈ ಕೆಂಡವಾಗಿತ್ತು. ಹೆಗಲ ಮೇಲೆ ಹಾಕಿಕೊಂಡು ಓಡಿದೆ.

ನಮ್ಮ ಆಸ್ಪತ್ರೆಗೇ ಓಡಿದೆ. ಆದರೆ ಹೆಸರು ಹಚ್ಚುವ ಕೌಂಟರು ಬೇರೆ ಕಟ್ಟಡದಲ್ಲಿದೆ. ಅಲ್ಲಿಯವನಿಗೆ ನಾನು ಯಾರೋ. ಸಮವಸ್ತ್ರ ಇಲ್ಲದ ಆಯಾಳನ್ನು ಯಾರೂ ಗುರುತಿಸುವುದಿಲ್ಲ, ಇದ್ದಾಗಲೂ ಗುರುತಿಸುವುದಿಲ್ಲ.

“ಮಗು ನಿಮಗೇನಾಗ್ಬೇಕು?” ಅಂದ.

“ಮಗಳು” ಎಂದು ನನ್ನ ಹೆಸರು ಹೇಳಿ, ಚೂಟಿ ಹುಟ್ಟಿದಾಗ ಕೊಟ್ಟಿದ್ದ ಕಾರ್ಡು ಮುಂದಿಟ್ಟೆ.

“ಕಾರ್ಡಲ್ಲಿ ತಾಯಿ ಹೆಸರು ಬೇರೆ ಇದೆಯಲ್ಲ?”

“ಅವಳು ತೀರಿಕೊಂಡಳು.”

“ನೀವು ಅವ್ರ ತಂಗಿನಾ?”

“ಅಲ್ಲ.”

“ಗಂಡನ ಕಡೆಯವ್ರಾ?”

“ಗಂಡ ಮೊದಲು ನನ್ನ ಜೊತೆ ಇದ್ದ.”

ಅವನ ಪೆನ್ನು ನಿಂತಿತು. ಪಕ್ಕದವನ ಕಡೆ ತಿರುಗಿ ನಕ್ಕ. “ಇದಕ್ಕೆ ಏನಂತ ಬರೀಲೋ ಮಾರಾಯ?” ಪಕ್ಕದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅಂದ್ರೆ ಮಲತಾಯಿನಾ?” ನಮ್ಮ ಭಾಷೆಯಲ್ಲಿ ನನ್ನಂಥವಳಿಗೆ ಇರುವುದು ಅದೊಂದೇ ಹೆಸರು. ಅದನ್ನು ಕೇಳಿದವರು ಮಗುವಿನ ಹಾಲಿಗೆ ವಿಷ ಹಾಕಿದವಳನ್ನು ನೋಡಿದ ಹಾಗೆ ನೋಡುತ್ತಾರೆ. ಆ ಹೆಸರಿಗೂ ಮದುವೆ ಆಗಿರಬೇಕು. ನನಗೆ ಅದೂ ಇರಲಿಲ್ಲ.

“ಮದ್ವೆ ಆಗಿತ್ತಾ?” ಎಂದು ಅವನು ಕೇಳುತ್ತಲೇ ಇದ್ದ. ಹೆಗಲ ಮೇಲೆ ಚೂಟಿ ನರಳುವುದನ್ನೂ ನಿಲ್ಲಿಸಿದ್ದಳು. ಮಕ್ಕಳು ನರಳುವುದನ್ನು ನಿಲ್ಲಿಸಿದರೆ ಏನರ್ಥ ಎಂದು ವಾರ್ಡಿನಲ್ಲಿ ಕೆಲಸ ಮಾಡುವವಳಿಗೆ ಗೊತ್ತು.

“ಏನೂ ಆಗ್ಬೇಕಿಲ್ಲ ಅಂತ ಬರ್ಕೊಳ್ಳಿ. ಮೊದಲು ಮಗೂನ ಒಳಗೆ ತಗೊಳ್ಳಿ” ಎಂದು ಕಿರುಚಿದೆ.

ಅವನಿಗೆ ನೆಮ್ಮದಿಯಾಯಿತು. ಹಾಗೇ ಬರೆದುಕೊಂಡ. ನನ್ನ ಬಾಯಿಂದಲೇ ಬಂದ ಮಾತು ಅದು, ಬೇರೆ ಯಾರೂ ಹೇಳಿದ್ದಲ್ಲ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿದೆ ಎಂದು ಡಾಕ್ಟರು ಯಾರ ಸಹಿಗೂ ಕಾಯದೆ ಕೊಯ್ದರು. ಚೂಟಿ ಬದುಕಿದಳು. ಅಷ್ಟಕ್ಕೆ ನಾನು ಅವರ ಕಾಲಿಗೆ ಬೀಳಬೇಕು, ಅದರಲ್ಲಿ ಎರಡು ಮಾತಿಲ್ಲ.

ಏನೂ ಆಗಬೇಕಿಲ್ಲದ ನನ್ನನ್ನು ಆ ರಾತ್ರಿ ಹೊರಗೇ ನಿಲ್ಲಿಸಿದರು. ಮರುದಿನ ಡ್ಯೂಟಿಗೆ ಹೋದರೆ ಅವಳು ನಮ್ಮ ವಾರ್ಡಿನಲ್ಲೇ ಮಲಗಿದ್ದಾಳೆ. ಮೂಗಿನಲ್ಲಿ ಕೊಳವೆ, ಹೊಟ್ಟೆಯ ಪಕ್ಕದಿಂದ ಇನ್ನೊಂದು ಕೊಳವೆ. ಪಕ್ಕದಲ್ಲಿ ಖಾಲಿ ಸ್ಟೂಲು.

“ಅದಕ್ಕೆ ಯಾರೂ ಇಲ್ವಂತೆ” ಅಂದಳು ದೊಡ್ಡ ಸಿಸ್ಟರ್. “ಯಾರೋ ಹೆಂಗಸು ತಂದು ಹಾಕಿ, ನಂಗೇನೂ ಆಗ್ಬೇಕಿಲ್ಲ ಅಂತ ಹೇಳಿ ಹೋದ್ಲಂತೆ. ಎಂಥೆಂಥ ಜನ ಇರ್ತಾರೆ ನೋಡು.”

ಆ ಹೆಂಗಸು ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು. ನಮ್ಮಲ್ಲಿ ಇನ್ನೊಂದು ನಿಯಮವಿದೆ. ಸ್ವಂತದವರು ದಾಖಲಾದ ವಾರ್ಡಿನಲ್ಲಿ ಕೆಲಸದವರು ಇರುವಂತಿಲ್ಲ. ಹಿಂದೆ ಒಬ್ಬ ಆಯಾಳ ಅಕ್ಕನ ಮಗ ಬಂದಾಗ ಅವಳನ್ನು ಬಟ್ಟೆ ಒಗೆಯುವ ಕಡೆಗೆ ಎತ್ತಿ ಹಾಕಿದ್ದರು. ಆ ಹುಡುಗ ಮನೆಗೆ ಹೋಗುವವರೆಗೂ ಅವಳು ಅವನ ಮುಖ ಕಂಡಿರಲಿಲ್ಲ. ನಾನು ಸ್ವಂತದವಳು ಎಂದರೆ ಹೊರಗೆ. ತಾಯಿ ಎಂದರೆ ಯಾರೂ ಒಪ್ಪುವುದಿಲ್ಲ. ಏನೂ ಅಲ್ಲ ಎಂದರೆ ಮಾತ್ರ ದಿನವಿಡೀ ಅವಳ ಹತ್ತಿರ ಇರಬಹುದು. ಎಂಥ ಚಂದದ ಲೆಕ್ಕ ನೋಡಿ.

ಬಾಯಿ ಮುಚ್ಚಿಕೊಂಡೆ. ಬಕೆಟ್ಟು ಎತ್ತಿಕೊಂಡು ಅವಳ ಮಂಚದ ಕೆಳಗಿನ ನೆಲ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಚೂಟಿ ಕಣ್ಣು ಬಿಟ್ಟಳು. ತುಟಿ ಒಣಗಿತ್ತು. “ಅಮ್ಮಾ” ಅಂದಳು.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. “ಚೂಟಿ, ಒಂದು ಆಟ ಆಡೋಣ. ಇಲ್ಲಿ ನಾನು ಅಮ್ಮ ಅಲ್ಲ, ಆಯಾ. ಎಲ್ಲ ಮಕ್ಕಳ ಥರ ನೀನೂ ಆಯಾ ಅನ್ಬೇಕು.”

“ಎಲ್ಲಿವರೆಗೆ?”

“ಮನೆಗೆ ಹೋಗೋವರೆಗೆ. ಯಾರು ಕೇಳಿದ್ರೂ ಆಯಾನೇ.”

“ಡಾಕ್ಟ್ರು ಕೇಳಿದ್ರೆ?”

“ಆಯಾ.”

“ಪೊಲೀಸ್ ಕೇಳಿದ್ರೆ?”

“ಆಯಾ.”

ಅವಳು ಕೊಳವೆ ಹಾಕಿದ ಮೂಗನ್ನೇ ಸುಕ್ಕಿಸಿದಳು. “ನೀನೇ ಕೇಳಿದ್ರೆ?”

“ನಾನೇ ಕೇಳಿದ್ರೂ ಆಯಾ. ಬಾಯಿ ತಪ್ಪಿದ್ರೆ ನೀನು ಸೋತ ಹಾಗೆ.”

“ನಾನು ಸೋಲಲ್ಲ” ಅಂದಳು ಚೂಟಿ.

ಸೋಲಲಿಲ್ಲ. ಗಾಯದ ಬಟ್ಟೆ ಬಿಚ್ಚುವಾಗ “ಆಯಾ, ಆಯಾ, ಮೆಲ್ಲಗೆ” ಎಂದು ಅತ್ತಳು. ನಾನು ಹಲ್ಲು ಕಚ್ಚಿಕೊಂಡು ಅವಳ ಕಾಲು ಹಿಡಿದುಕೊಂಡಿದ್ದೆ. ಅವಳ ಉಚ್ಚೆ ಎತ್ತಿದೆ, ಬೆನ್ನು ಒರೆಸಿದೆ, ತಲೆ ಬಾಚಿದೆ. ಆಯಾ ಎಂದು ಇದನ್ನೆಲ್ಲ ಮಾಡಬಹುದು. ಸ್ಟೂಲಿನ ಮೇಲೆ ಕೂತು ಕೈ ಹಿಡಿದುಕೊಳ್ಳುವುದು ಮಾತ್ರ ಆಗದು. ಅವಳ ಹೇಲು ಬಳಿಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಕ್ಕಪಕ್ಕದ ತಾಯಂದಿರ ಕಣ್ಣು ಕೆಂಪಾಯಿತು. “ಆ ಹುಡುಗಿ ಕರೆದ್ರೆ ಹಾರಿಕೊಂಡು ಹೋಗ್ತೀಯ. ನಮ್ಮ ಮಕ್ಕಳ ಪಾತ್ರೆ ತುಂಬಿ ಚೆಲ್ಲಿದ್ರೂ ನಿಂಗೆ ಕಾಣಲ್ಲ” ಎಂದು ಒಬ್ಬಳು ದೂರು ಕೊಟ್ಟಳು. ಅವಳ ಮಾತು ಸುಳ್ಳಲ್ಲ. ದೊಡ್ಡ ಸಿಸ್ಟರ್ ಎಲ್ಲರ ಎದುರು ನನ್ನನ್ನು ನಿಲ್ಲಿಸಿದಳು. “ಮಕ್ಕಳನ್ನ ಮುದ್ದಾಡೋಕೆ ನಿಂಗೆ ಸಂಬಳ ಕೊಡ್ತಾ ಇಲ್ಲ. ಅಷ್ಟು ಆಸೆ ಇದ್ರೆ ಒಂದು ಹೆತ್ಕೋಬೇಕಿತ್ತು.” ನಾನು ನೆಲ ನೋಡುತ್ತ ನಿಂತೆ. ಮಂಚದ ಮೇಲಿಂದ ಚೂಟಿ ನನ್ನನ್ನೇ ನೋಡುತ್ತಿದ್ದಳು.

ಡ್ಯೂಟಿ ಮುಗಿದ ಮೇಲೆ ಸಮವಸ್ತ್ರ ಬಿಚ್ಚಿ, ತಲೆಗೆ ಬಟ್ಟೆ ಸುತ್ತಿಕೊಂಡು, ಗಾಜಿನ ಆಚೆ ಮಿಕ್ಕವರ ಗುಂಪಿನಲ್ಲಿ ನಿಲ್ಲುತ್ತಿದ್ದೆ. ಮೂಲೆ ಮಂಚದ ಹುಡುಗನ ಅಜ್ಜ ನನಗೆ ಜಾಗ ಬಿಡುತ್ತಿದ್ದ. ಅವನೊಮ್ಮೆಯೂ ನನ್ನನ್ನು ಏನಾಗಬೇಕು ಎಂದು ಕೇಳಲಿಲ್ಲ. ಒಳಗಿನಿಂದ ಚೂಟಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಆಟ ನಡೆಯುತ್ತಿದೆ ಎಂದು ಅರ್ಥ.

ಒಂದೇ ಸಲ ಬಾಯಿ ತಪ್ಪಿತು, ಜ್ವರ ಮತ್ತೆ ಏರಿದ ದಿನ. ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. “ಅಮ್ಮಾ, ಅಮ್ಮಾ” ಎಂದು ವಾರ್ಡು ಕಿತ್ತುಹೋಗುವ ಹಾಗೆ ಕೂಗಿದಳು. ನಾನು ತುಂಬಿದ ಬೆಡ್‌ಪ್ಯಾನ್ ಹಿಡಿದು ಆ ತುದಿಯಲ್ಲಿದ್ದೆ. ಓಡಲು ಒಂದು ಹೆಜ್ಜೆ ಇಟ್ಟು ನಿಂತೆ. ಅಮ್ಮ ಎಂದು ಕೂಗಿದ್ದಕ್ಕೆ ಆಯಾ ಯಾಕೆ ಓಡುತ್ತಾಳೆ? ಪಕ್ಕದ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದೂರು ಕೊಟ್ಟವಳೇ ಎಲ್ಲರಿಗಿಂತ ಹೆಚ್ಚು ಅತ್ತಳು. ದೊಡ್ಡ ಸಿಸ್ಟರ್ ಬಂದು ಚೂಟಿಯ ಹಣೆ ಸವರಿದಳು. ಕಲ್ಲಿನಂಥ ಹೆಂಗಸಲ್ಲ ಅವಳು, ಸುಳ್ಳು ಹೇಳಬಾರದು. “ಅಳಬೇಡ ಪುಟ್ಟಿ, ನಿಮ್ಮಮ್ಮ ದೇವರ ಹತ್ತಿರ ಇದ್ದಾಳೆ” ಅಂದಳು.

ಬೆಡ್‌ಪ್ಯಾನ್ ವಾಲಿ ಅರ್ಧ ನನ್ನ ಕಾಲ ಮೇಲೇ ಚೆಲ್ಲಿತು. ಸಣ್ಣ ಸಿಸ್ಟರ್ ಅದನ್ನು ನೋಡಿದಳು. ಚೂಟಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ. ಆವತ್ತಿನಿಂದ ನನ್ನ ಊಟದ ಹೊತ್ತಿಗೆ ಪರದೆ ಎಳೆದು, “ಹೋಗು, ಒಂದ್ನಿಮಿಷ ಕೂತ್ಕೋ. ನಾನು ಬಾಗಿಲಲ್ಲಿರ್ತೀನಿ” ಎನ್ನುತ್ತಿದ್ದಳು.

ಜ್ವರ ಇಳಿದ ಮೇಲೆ ಆ ಪರದೆಯ ಹಿಂದೆ ಚೂಟಿ ಗುಟ್ಟಾಗಿ ಕೇಳಿದಳು. “ಆಯಾ, ನಮ್ಮಮ್ಮ ದೇವರ ಹತ್ತಿರ ಇದ್ದಾಳಂತೆ. ಅದೂ ಆಟದಲ್ಲಿ ಸೇರುತ್ತಾ?”

“ಸೇರುತ್ತೆ” ಅಂದೆ. ಬೇರೇನು ಹೇಳಲಿ ಆ ಹೊತ್ತಿನಲ್ಲಿ?

ಯಾರೂ ಇಲ್ಲದ ಮಗುವನ್ನು ಗುಣವಾಯಿತೆಂದು ಬೀದಿಗೆ ಬಿಡಲಾಗುವುದಿಲ್ಲ. ಮನೆಗೆ ಕಳಿಸುವ ದಿನ ಬಂದಾಗ ಹೇಗೋ ಕಣ್ಣು ತಪ್ಪಿಸಿ, ಸಣ್ಣ ಸಿಸ್ಟರ್ ಕೈಕಾಲು ಹಿಡಿದು, ಕರೆದುಕೊಂಡು ಹೋಗಿಬಿಡುತ್ತೇನೆ ಎಂದು ನಾನು ಎಣಿಸಿದ್ದೆ. ನನ್ನ ದಡ್ಡತನ. ದೊಡ್ಡ ಸಿಸ್ಟರ್ ಅಷ್ಟರಲ್ಲಿ ಮಕ್ಕಳ ಇಲಾಖೆಗೆ ತಿಳಿಸಿಬಿಟ್ಟಿದ್ದಳು. ಒಳ್ಳೆಯದಾಗಲಿ ಎಂದೇ ತಿಳಿಸಿದ್ದಳು. ಅಲ್ಲಿಂದ ಒಬ್ಬ ಮೇಡಂ ಬಂದಳು, ಚೂಟಿಯ ಕಾರ್ಡಿನಲ್ಲಿದ್ದ ಅಪ್ಪನ ಹೆಸರು ಬರೆದುಕೊಂಡಳು, ಹೋದಳು. ಚೂಟಿಯ ಕೊಳವೆಗಳನ್ನು ತೆಗೆದು ಅವಳು ಕೂತು ಗಂಜಿ ಕುಡಿಯುವಷ್ಟರಲ್ಲಿ ಮೇಡಂ ಮತ್ತೆ ಬಂದಳು. ಅವಳ ಹಿಂದೆ ಅವನು.

ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಬಿಸ್ಕತ್ತು ಪೊಟ್ಟಣ. ಹೊಟ್ಟೆ ಮೊದಲಿಗಿಂತ ಮುಂದೆ ಬಂದಿತ್ತು.

“ಮಗು ನಿಮಗೇನಾಗ್ಬೇಕು?” ಅಂದಳು ದೊಡ್ಡ ಸಿಸ್ಟರ್.

“ನಾನು ತಂದೆ” ಅಂದ.

ಬಾಗಿಲು ತೆರೆಯಿತು. ಅಷ್ಟೇ. ಆ ಒಂದು ಮಾತಿಗೆ ಬಾಗಿಲು ತೆರೆಯಿತು. ಅವನು ಒಳಗೆ ಬಂದು, ಸುತ್ತ ನೋಡಿ, ನೇರ ಹೋಗಿ ಪಕ್ಕದ ಮಂಚದ ಹುಡುಗಿಯ ತಲೆ ಸವರಿದ. “ಅದಲ್ಲಪ್ಪ, ಇದು” ಎಂದು ಆ ಮಗುವಿನ ತಾಯಿ ತೋರಿಸಿದಳು. ಎಲ್ಲರೂ ಮೆಲ್ಲಗೆ ನಕ್ಕರು. “ಪಾಪ, ಗಾಬರಿ” ಅಂದಳು ಮೇಡಂ. ಮಗುವಿನ ಮುಖವನ್ನೇ ಕಾಣದವನಿಗೆ ಗಾಬರಿಯಂತೆ! ನಾನು ನೆಲ ಒರೆಸುವ ಕೋಲು ಹಿಡಿದು ನಿಂತಿದ್ದೆ. ನನ್ನನ್ನು ದಾಟಿಯೇ ಹೋಗಿದ್ದ. ಗುರುತು ಸಿಕ್ಕಿರಲಿಲ್ಲ.

“ಮನೇಲಿ ಪುಟ್ಟ ಕೂಸಿದೆ ಮೇಡಂ. ಹೆಂಡ್ತಿನೂ ಕೆಲಸಕ್ಕೆ ಹೋಗ್ತಾಳೆ. ಇವಳು ಬಂದ್ರೆ ಕೂಸಿಗೆ ಜೊತೆ ಆಗುತ್ತೆ” ಎಂದು ಅವನು ಹೇಳುತ್ತಿದ್ದ. ಮೇಡಂ ಮುಖ ಅರಳಿತು. ಜೊತೆ ಎಂದರೆ ಏನು ಎಂದು ನನಗೆ ಗೊತ್ತಾಯಿತು. ಹೊಟ್ಟೆಯ ಹೊಲಿಗೆ ಒಣಗದ ಮಗು ಇನ್ನೊಂದು ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತಿರುವುದು ಕಣ್ಣಿಗೆ ಕಟ್ಟಿತು.

ಕೋಲು ಬಿಸಾಕಿದೆ. ಮಂಚಕ್ಕೂ ಅವನಿಗೂ ನಡುವೆ ಹೋಗಿ ನಿಂತೆ.

“ಇವಳು ನನ್ನ ಮಗಳು.”

ಆಗ ಅವನು ನನ್ನ ಮುಖ ನೋಡಿದ. “ನೀನಾ?” ಅಂದ. ಮೇಡಂ ಕಡೆ ತಿರುಗಿ, “ಇವಳು ಯಾರೋ ಮೇಡಂ. ಮೊದಲು ನಮ್ಮ ಬೀದೀಲಿದ್ಲು. ತಲೆ ಸ್ವಲ್ಪ...” ಎಂದು ಬೆರಳು ತಿರುಗಿಸಿದ.

“ನಿನ್ನ ಅನ್ನ ಬೇಯಿಸಿದ ತಲೆ ಕಣೋ ಇದು! ಇವಳನ್ನ ಹೊಟ್ಟೇಲಿಟ್ಕೊಂಡು ಬಂದವಳಿಗೆ ಬಾಗಿಲು ತೆಗೆದಿದ್ದು ನಾನು. ಹೆತ್ತವಳು ಸತ್ತಾಗ ಹೂತಿದ್ದು ನಾನು. ನೀನೆಲ್ಲಿ ಹಾಳಾಗಿ ಹೋಗಿದ್ಯೋ?”

“ಬಾಯಿ ಮುಚ್ಚು” ಅಂದಳು ದೊಡ್ಡ ಸಿಸ್ಟರ್. “ನಿನ್ನ ಮಗಳಾಗಿದ್ರೆ ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಹೇಳಿದ್ರೆ ನನ್ನನ್ನ ಬಟ್ಟೆ ಒಗೆಯೋಕೆ ಹಾಕ್ತಿದ್ರಿ. ಅದಕ್ಕೇ ಹೇಳಲಿಲ್ಲ.”

“ಕೌಂಟರಲ್ಲಿ ಏನೂ ಆಗ್ಬೇಕಿಲ್ಲ ಅಂತ ಹೇಳಿ ಹೋದವಳು ನೀನೇನಾ ಹಾಗಾದ್ರೆ?”

ಹೌದು ಎಂದೆ. ಸಣ್ಣ ಸಿಸ್ಟರ್ ಕಡೆ ನೋಡಿದೆ. ಅವಳು ಔಷಧಿ ತಟ್ಟೆ ಹಿಡಿದು ನಿಂತಿದ್ದಳು. “ಸಿಸ್ಟರ್, ಮಗು ಇವಳನ್ನ...” ಎಂದು ಶುರು ಮಾಡಿದಳು.

“ನಿಂಗೂ ಗೊತ್ತಿತ್ತಾ?” ದೊಡ್ಡ ಸಿಸ್ಟರ್ ಅವಳ ಕಡೆ ತಿರುಗಿದಳು. “ಗೊತ್ತಿದ್ದೂ ಮುಚ್ಚಿಟ್ಯಾ?”

ಸಣ್ಣ ಸಿಸ್ಟರ್ ತಟ್ಟೆ ನೋಡಿದಳು. “ಇಲ್ಲ... ಮಗು ಇವಳ ಕೈಲಿ ಚೆನ್ನಾಗಿ ಊಟ ಮಾಡ್ತಿತ್ತು ಅಂತ ಅಷ್ಟೇ.” ಅವಳಿಗೂ ಮನೆಯಲ್ಲಿ ಕೂಸಿದೆ. ಅವಳನ್ನು ಬೈಯಬೇಕೆಂದರೂ ನನಗೆ ಬೈಗುಳ ಬರುವುದಿಲ್ಲ.

ಮೇಡಂ ಕೆಟ್ಟವಳಲ್ಲ. “ಜಗಳ ಬೇಡ. ಮಗೂನೇ ಕೇಳೋಣ” ಅಂದಳು. ಬಗ್ಗಿ, ನಗುತ್ತ, ಚೂಟಿಯ ಕೈ ಹಿಡಿದುಕೊಂಡಳು. “ಪುಟ್ಟಿ, ಇವರು ನಿಂಗೆ ಏನಾಗ್ಬೇಕು?”

ಚೂಟಿ ನನ್ನನ್ನು ನೋಡಿದಳು. ಅವಳ ಕಣ್ಣು ಮಿನುಗಿತು. ಆ ಮಿನುಗು ನನಗೆ ಗೊತ್ತು. ಕಣ್ಣಾಮುಚ್ಚಾಲೆಯಲ್ಲಿ ನಾನು ಅವಳ ಎದುರೇ ಹುಡುಕುತ್ತಿರುವಾಗ ಬಾಗಿಲ ಸಂದಿಯಿಂದ ಕಾಣುವ ಮಿನುಗು ಅದು.

“ಆಯಾ” ಅಂದಳು.

“ಅಲ್ಲ ಚೂಟಿ, ಆಟ ಮುಗೀತು. ಹೇಳು, ನಾನು ಯಾರು ಹೇಳು!”

ಅವಳು ನಕ್ಕಳು. ನೀನೇ ಕೇಳಿದರೂ ಸೋಲುವುದಿಲ್ಲ ಎಂಬ ನಗು. “ಆಯಾ!” ಎಂದು ಇನ್ನೂ ಜೋರಾಗಿ ಅಂದಳು.

“ಮಗೂಗೆ ಹೇಳಿಕೊಡಬೇಡಿ” ಅಂದಳು ಮೇಡಂ. “ಪುಟ್ಟಿ, ಮತ್ತೆ ಅಮ್ಮ ಎಲ್ಲಿ?”

“ಅಮ್ಮ ದೇವರ ಹತ್ತಿರ ಇದ್ದಾಳೆ.”

ಯಾರೋ ಮೂಗು ಸೇದಿದರು. ಚೂಟಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಎಷ್ಟು ಚೆನ್ನಾಗಿ ಕಲಿಸಿದ್ದೆ ನಾನು. ಎಷ್ಟು ಚೆನ್ನಾಗಿ ಕಲಿತಿದ್ದಳು ಅವಳು.

ಅವನು ಸಹಿ ಹಾಕಿದ. ಗಾಲಿಕುರ್ಚಿ ಬಾಗಿಲ ಹತ್ತಿರ ಇತ್ತು.

“ತಗೊಂಡು ಬಾ” ಅಂದಳು ದೊಡ್ಡ ಸಿಸ್ಟರ್ ನನಗೆ. “ಮಗೂನ ಕೂರಿಸಿ ಗೇಟಿನವರೆಗೆ ಬಿಟ್ಟು ಬಾ. ಆಮೇಲೆ ನಿನ್ನ ವಿಚಾರ ಮಾತಾಡ್ತೀನಿ.”

“ತಳ್ಳಲ್ಲ.”

“ಏನಂದೆ?”

“ತಳ್ಳಲ್ಲ ಅಂದೆ. ಈ ವಾರ್ಡಿನಿಂದ ಸತ್ತ ಮಕ್ಕಳನ್ನ ತಳ್ಳಿದೀನಿ. ನೀವು ಏಳು ಅಂದ್ರೆ ಎದ್ದೆ, ಬೈದ್ರೆ ನಕ್ಕೆ. ಇವಳನ್ನ ಅವನ ಕೈಗೆ ನಾನು ತಳ್ಳಲ್ಲ. ನನ್ನ ಕೈ ಕಡಿದು ಹಾಕಿ, ಆದ್ರೂ ತಳ್ಳಲ್ಲ.”

ಇಷ್ಟು ವರ್ಷಗಳಲ್ಲಿ ಆ ವಾರ್ಡಿನಲ್ಲಿ ನಾನು ಇಲ್ಲ ಎಂದದ್ದು ಅದೇ ಮೊದಲು. ಏನೋ ಆಗುತ್ತದೆ ಎಂದು ನನಗನ್ನಿಸಿತ್ತು. ಏನೂ ಆಗಲಿಲ್ಲ. ದೊಡ್ಡ ಸಿಸ್ಟರ್ ಕೊರಳು ತಿರುಗಿಸಿ, “ನೀನು ತಳ್ಳು” ಎಂದು ಸಣ್ಣ ಸಿಸ್ಟರಿಗೆ ಹೇಳಿದಳು. ಸಣ್ಣ ಸಿಸ್ಟರ್ ತಟ್ಟೆ ಕೆಳಗಿಟ್ಟಳು. ಚೂಟಿಯನ್ನು ಎತ್ತಿ ಕೂರಿಸಿದಳು. ಗಾಯಕ್ಕೆ ತಾಗದ ಹಾಗೆ ಹುಷಾರಾಗಿಯೇ ಕೂರಿಸಿದಳು. ತಳ್ಳಿದಳು.

ಬಾಗಿಲು ದಾಟುವಾಗ ಚೂಟಿ ತಿರುಗಿ ನೋಡಿದಳು. “ಆಯಾ, ನೀನೂ ಬಾ.” ನಾನು ಓಡಿದೆ. ದೊಡ್ಡ ಸಿಸ್ಟರ್ ಸನ್ನೆಗೆ ಬಾಗಿಲ ಕಾವಲಿನವನು ಕೈ ಅಡ್ಡ ಹಾಕಿದ. “ಆಯಾ?” ಗಾಲಿ ಮುಂದೆ ಹೋಗುತ್ತಿತ್ತು. ಅವಳ ಮುಖ ಬದಲಾಯಿತು. ಆಗ ಕೂಗು ಬಂತು.

“ಅಮ್ಮಾ! ಆಟ ಬೇಡ! ಅಮ್ಮಾ, ನಾನು ಸೋತೆ! ನಾನು ಸೋತೆ ಅಮ್ಮಾ!”

ಕಾರಿಡಾರಿನ ತುದಿಯವರೆಗೂ ಕೂಗಿದಳು. ಸೋಲುವುದೆಂದರೆ ಆಗದ ಹುಡುಗಿ ಅದು.

ಒಳಗೆ ತಾಯಂದಿರು ಲೊಚಗುಟ್ಟಿದರು. “ಪಾಪ, ಸತ್ತ ತಾಯಿನ ಕರೀತಿದೆ ಕೂಸು” ಅಂದಳು ದೂರು ಕೊಟ್ಟವಳು. ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡಳು. ಕೆಳಗೆ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು. ಸಣ್ಣ ಸಿಸ್ಟರ್ ಖಾಲಿ ಕುರ್ಚಿ ತಳ್ಳಿಕೊಂಡು ಬಂದಳು. ನನ್ನ ಕಡೆ ನೋಡಲಿಲ್ಲ.

“ಬೆಡ್ ಒರೆಸು. ಇನ್ನೊಂದು ಮಗು ಬರ್ತಿದೆ” ಅಂದಳು ದೊಡ್ಡ ಸಿಸ್ಟರ್, ನನ್ನ ಮುಖ ನೋಡದೆ.

ನಾನು ಹೋಗಿ ಆ ಸ್ಟೂಲಿನ ಮೇಲೆ ಕೂತೆ. ತಣ್ಣಗಿತ್ತು. ಹಾಸಿಗೆಯ ನಡುವೆ ಅವಳು ಮಲಗಿದ್ದ ತಗ್ಗು ಇತ್ತು. ಬಾಚಣಿಗೆಯಲ್ಲಿ ಕೂದಲು ಇತ್ತು. ದೊಡ್ಡ ಸಿಸ್ಟರ್ “ಏಳು” ಎಂದಳು. ಏಳಲಿಲ್ಲ. “ಏಳ್ತೀಯೋ ಇಲ್ವೋ?” ಎಂದಳು. ಏಳಲಿಲ್ಲ. ಫೋನು ಎತ್ತಿದಳು.

ಕೆಳಗಿನ ಗೇಟಿನಿಂದ ಇಬ್ಬರು ಕಾವಲಿನವರು ಬಂದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಸಮವಸ್ತ್ರ ನೋಡಿಯೂ ಗೊತ್ತಾಗಲಿಲ್ಲ. ಒಬ್ಬ ನನ್ನ ತೋಳಿಗೆ ಕೈ ಹಾಕಿದ. ಇನ್ನೊಬ್ಬ ವಯಸ್ಸಾದವನು, ಅವನ ಕೈ ತಡೆದ. ಖಾಲಿ ಮಂಚ ನೋಡಿದ, ನನ್ನನ್ನು ನೋಡಿದ. ಸಮಾಧಾನದ ದನಿಯಲ್ಲಿ ಕೇಳಿದ.

“ಯಾಕಮ್ಮ ಇಲ್ಲಿ ಕೂತಿದೀರಿ? ಈ ಬೆಡ್ಡಲ್ಲಿದ್ದ ಮಗು ನಿಮಗೇನಾಗ್ಬೇಕು?”

“ಇನ್ನೇನಾಗ್ಬೇಕು?” ಅಂದೆ.